ಕುಂಕುಮದ ಭರಣಿಯ ಮಣ್ಣು

ಭದ್ರಮ್ಮ ಹಳೆಯ ಕುಂಕುಮದ ಭರಣಿಯೊಂದನ್ನು ಮಗಳ ತಟ್ಟೆಯ ಪಕ್ಕಕ್ಕೆ ಕುಕ್ಕಿ, "ನಿನ್ನ ಮಿಷನ್ನು ಈ ಮಣ್ಣು ಎಲ್ಲೀದು ಅಂತ ಹೇಳ್ತೈತೇನೇ?" ಎಂದು ಕೇಳಿದಾಗ, ನವ್ಯಶ್ರೀ ಬಾಯಿತುಂಬ ಅಕ್ಕಿರೊಟ್ಟಿ ಇಟ್ಟುಕೊಂಡು ನಕ್ಕುಬಿಟ್ಟಳು. ನಗಬಾರದಿತ್ತು. ಆದರೆ ಪಾಪ, ಅವಳಿಗೆ ಹೇಗೆ ಗೊತ್ತಾಗಬೇಕು.

ನವ್ಯಶ್ರೀ ಮೈಸೂರಿನಲ್ಲಿ ಮಾಡುವ ಕೆಲಸವನ್ನು ಹೆತ್ತೂರಿನ ಕಡೆಯವರಿಗೆ ಬಿಡಿಸಿ ಹೇಳುವುದೆಂದರೆ ಸಾಕುಸಾಕಾಗಿಬಿಡುತ್ತದೆ. ನೀರಿನಲ್ಲಿ, ಮಣ್ಣಿನಲ್ಲಿ ಕಣ್ಣಿಗೆ ಕಾಣದಂತೆ ಬದುಕುವ ಶಿಲೀಂಧ್ರಗಳನ್ನು ಹಿಡಿದು, ಯಾವುದು ಯಾವ ಕುಲದ್ದೆಂದು ವಿಂಗಡಿಸುವುದು ಅವಳ ಕೆಲಸ. ಭದ್ರಮ್ಮ ಮಾತ್ರ ಕೇಳಿದವರಿಗೆಲ್ಲ "ನಮ್ಮುಡುಗಿ ಬೂಷ್ಟಿನ ಡಾಕ್ಟ್ರು" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದಳು. ಕೇಳಿದವರು ಸುಮ್ಮನಿರುತ್ತಾರೆಯೇ? "ಹಂಗಾರೆ ನಮ್ಮ ಕಾಫಿ ಕೊಳೆರೋಗಕ್ಕೆ ಏನಾರ ಹೇಳವ್ವಾ" ಎಂದು ಹುಡುಗಿಯನ್ನು ಬಸ್ಸಿನಲ್ಲೇ ಹಿಡಿದು ಕೂರಿಸಿಕೊಳ್ಳುತ್ತಿದ್ದರು.

"ಯಾರ ತೋಟದ್ದಮ್ಮ ಈ ಮಣ್ಣು?" ಎಂದಳು ನವ್ಯಶ್ರೀ, ನಗು ತಡೆದುಕೊಂಡು.

"ತೋಟದ್ದಲ್ಲ. ನಿಮ್ಮಕ್ಕಂದು."

ನವ್ಯಶ್ರೀ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಇಳಿಸಿದಳು. ತನಗಿಂತ ಮೊದಲು ಒಂದು ಹೆಣ್ಣುಕೂಸು ಹುಟ್ಟಿ, ಒಂಬತ್ತು ತಿಂಗಳಿಗೆ ಜ್ವರ ಬಂದು ಹೋಯಿತೆಂದು ಅವಳಿಗೆ ಗೊತ್ತಿತ್ತು. ಆದರೆ ಆ ಮಾತು ಮನೆಯಲ್ಲಿ ಎಂದೂ ಯಾರ ಬಾಯಲ್ಲೂ ಬಂದದ್ದಿರಲಿಲ್ಲ. ಆ ಊರಲ್ಲಿ ಎಳೆಗೂಸು ತೀರಿಕೊಂಡರೆ ಗಂಡಸರು ಮಾತ್ರ ಎತ್ತಿಕೊಂಡು ಹೋಗಿ, ಕೂಸಿನಗುಡ್ಡದಲ್ಲಿ ಮಣ್ಣು ಮಾಡಿ, ಮೇಲೆ ಒಂದು ಮುಳ್ಳಿನ ಕೊಂಬೆ ಹೇರಿ ಬರುತ್ತಿದ್ದರು. ಕಲ್ಲಿಲ್ಲ, ಗುರುತಿಲ್ಲ. ತಾಯಿಗೆ ಜಾಗ ಹೇಳುವ ಹಾಗಿಲ್ಲ. ಹೇಳಿದರೆ ಅವಳು ಹೋಗಿ ಅಲ್ಲಿ ಕೂರುತ್ತಾಳೆ, ಕೂತರೆ ಕೂಸು ಅವಳ ಹಿಂದೆಯೇ ಎದ್ದು ಬರುತ್ತದೆ ಎಂಬ ಭಯ. ಮೂವತ್ತೊಂದು ವರ್ಷದ ಹಿಂದೆ ಒಂದು ಆಷಾಢದ ಮಳೆಯಲ್ಲಿ, ಎಸ್ಟೇಟಿನ ರೈಟರ್ ಆಗಿದ್ದ ಹೂವೇಗೌಡರು, ಅಂದರೆ ನವ್ಯಶ್ರೀಯ ಅಪ್ಪ, ಆಳು ಜವರಯ್ಯನನ್ನು ಕರೆದುಕೊಂಡು ಕೂಸನ್ನು ಮಳೆಗೆ ಹೊದೆಯುವ ಗೊರಬಿನ ಮರೆಯಲ್ಲಿ ಎತ್ತಿಕೊಂಡು ಹೋಗಿದ್ದರು. ಮಾರನೆಯ ಬೆಳಿಗ್ಗೆ ಅವರ ಟವೆಲ್ಲಿಗೆ ಮೆತ್ತಿದ್ದ ಮಣ್ಣನ್ನು ಭದ್ರಮ್ಮ ಯಾರಿಗೂ ಕಾಣದ ಹಾಗೆ ಕೆರೆದು ಈ ಭರಣಿಗೆ ತುಂಬಿಟ್ಟಿದ್ದಳು.

"ನಾಕು ವರ್ಷದ ಹಿಂದೆ ನಿಮ್ಮಪ್ಪ ಸಾಯೋಗಂಟ ಕೇಳ್ದೆ ಕಣೇ. ಬಾಯೇ ಬುಡ್ಲಿಲ್ಲ, ಪುಣ್ಯಾತ್ಮ. ಜವರಯ್ಯನ್ನ ಕೇಳುದ್ರೆ ಗ್ಯಾನ ಇಲ್ಲ ಅಂತಾನೆ. ಈಗ ಗುಡ್ಡಾನೆ ಯಾರೋ ತಗೊಂಡವ್ರಂತೆ, ರೆಸಾರ್ಟಿಗೆ ರೋಡು ಮಾಡ್ತಾರಂತೆ. ಯುಗಾದಿ ಆದ ಸೋಮವಾರ ಜೆಸಿಬಿ ಬತ್ತೈತೆ." ಭದ್ರಮ್ಮ ಅತ್ತವಳಲ್ಲ. ಗೇಣುದ್ದದ ಕಾಫಿಸಸಿ ಮಾರಿ ಮಗಳನ್ನು ಓದಿಸಿದ ಗಟ್ಟಿ ಹೆಂಗಸು. ಈಗ ಮಾತ್ರ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿಯುತ್ತಿದ್ದಳು. "ಅದು ಹಲ್ಲು ಹಾಕೋಕ್ ಮುಂಚೆ ನನ್ ಕೂಸ್ನ ತಂದ್ಬುಡ್ಬೇಕು. ಒಂದು ಹಿಡಿ ಮಣ್ಣಾದ್ರೂ ಸರಿ. ಆದ್ರೆ ಎಲ್ಲಿ ಅಂತ ಅಗೀಲಿ, ಗುಡ್ಡಾನೆಲ್ಲ ಅಗೀಲಾ?"

ನವ್ಯಶ್ರೀಗೆ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಶಿವರಾತ್ರಿ ಕಳೆದು ಎರಡು ದಿನವಾಗಿತ್ತು. ಯುಗಾದಿಗೆ ಇನ್ನೊಂದೇ ತಿಂಗಳು. ಭರಣಿಯನ್ನು ಬ್ಯಾಗಿಗೆ ಹಾಕಿಕೊಂಡು ಮೈಸೂರಿನ ಬಸ್ಸು ಹತ್ತಿದಳು.

ಮೂವತ್ತೊಂದು ವರ್ಷ ಒಣಗಿದ ಮಣ್ಣಿನಲ್ಲಿ ಏನು ಬದುಕಿದ್ದೀತು ಎನ್ನಬೇಡಿ. ಈ ಶಿಲೀಂಧ್ರಗಳಿಗೆ ಗಟ್ಟಿ ಚಿಪ್ಪಿನೊಳಗೆ ಮಲಗುವ ವಿದ್ಯೆ ಗೊತ್ತಿದೆ. ನೀರು ಬಿದ್ದರೆ ಏಳುತ್ತವೆ. ಒಂದೊಂದಕ್ಕೆ ಒಂದೊಂದು ಬಾಲವಿರುವ ಬೀಜಾಣುಗಳನ್ನು ಹೊರಗೆ ಬಿಡುತ್ತವೆ. ಅವು ಈಜಿಕೊಂಡು ಹೋಗಿ ಊಟ ಹುಡುಕುತ್ತವೆ. ಅವನ್ನು ಹಿಡಿಯುವುದೂ ಮೀನು ಹಿಡಿದ ಹಾಗೆಯೇ, ಎರೆ ಹಾಕಿ. ಮಣ್ಣನ್ನು ಗಾಜಿನ ತಟ್ಟೆಗೆ ಹಾಕಿ ನೀರು ಬಿಟ್ಟು, ಮೇಲೆ ಹಾವಿನ ಪೊರೆ, ಈರುಳ್ಳಿಯ ತೆಳು ಸಿಪ್ಪೆ, ಹೂವಿನ ಪರಾಗ, ಕೂದಲು ತೇಲಿಬಿಡುತ್ತಾರೆ. ಯಾವುದಕ್ಕೆ ಯಾವುದು ಇಷ್ಟವೋ ಅದು ಅಲ್ಲಿ ಬಂದು ಕೂರುತ್ತದೆ. ನವ್ಯಶ್ರೀ ಎಲ್ಲವನ್ನೂ ಹಾಕಿದಳು. ಕೂದಲು ಲ್ಯಾಬಿನ ಎದುರಿನ ಸಲೂನಿನದು, ಸ್ಪಿರಿಟ್ಟಿನಲ್ಲಿ ತೊಳೆದದ್ದು.

ಮೂರು ದಿನ ಯಾವ ಎರೆಗೂ ಏನೂ ಬರಲಿಲ್ಲ. ನಾಲ್ಕನೇ ದಿನ ತಟ್ಟೆಯನ್ನು ಚೆಲ್ಲಲು ಹೋದವಳ ಕಣ್ಣಿಗೆ ಮಣ್ಣಿನೊಂದಿಗೇ ಬಂದಿದ್ದ ಉದ್ದನೆಯ ಕರಿಗೂದಲೊಂದು ಬಿತ್ತು. ಅಮ್ಮ ಮಣ್ಣು ಕೆರೆಯುವಾಗ ಬಿದ್ದದ್ದಿರಬೇಕು. ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಆ ಕೂದಲಿನ ಈ ತುದಿಯಿಂದ ಆ ತುದಿಯವರೆಗೆ ಸಾಸಿವೆ ಪೋಣಿಸಿದ ಹಾಗೆ ದುಂಡನೆಯ ಮಣಿಗಳು. ಪಕ್ಕದಲ್ಲೇ ತೇಲುತ್ತಿದ್ದ ಸಲೂನಿನ ಕೂದಲು ತೊಳೆದಿಟ್ಟ ಹಾಗೆ ಚೊಕ್ಕವಾಗಿತ್ತು.

ಅವಳು ಓದಿದ ಹುಡುಗಿ, ಹೆದರಲಿಲ್ಲ. ಪರೀಕ್ಷೆ ಮಾಡಿದಳು. ಅಮ್ಮನ ಬಾಚಣಿಗೆಯ ಕೂದಲನ್ನು ಕೊರಿಯರ್‌ನಲ್ಲಿ ತರಿಸಿಕೊಂಡಳು. ಅದು ಬರಲು ಐದು ದಿನ ಹಿಡಿಯಿತು. ಇಂಥ ಬೀಜಾಣುಗಳು ಹುಟ್ಟುವಾಗ ತಂದ ಒಂದು ಹನಿ ಎಣ್ಣೆಯ ಮೇಲೆ ಬದುಕುತ್ತವೆ. ಹೆಚ್ಚೆಂದರೆ ಒಂದು ದಿನ ಈಜಿ ಸಾಯುತ್ತವೆ. ಇವು ಐದು ದಿನವೂ ಈಜುತ್ತಲೇ ಇದ್ದವು. ಹೊಸ ತಟ್ಟೆಯಲ್ಲಿ ನಾಲ್ಕು ಮೂಲೆಗೆ ನಾಲ್ಕು ಕೂದಲು ಇಟ್ಟಳು: ಸಲೂನಿನದು, ಲ್ಯಾಬಿನ ರಾಜಶೇಖರರ ಬಿಳಿಗೂದಲು, ತನ್ನದು, ಅಮ್ಮನದು. ಮೊದಲೆರಡರ ಹತ್ತಿರ ಒಂದೂ ಸುಳಿಯಲಿಲ್ಲ. ನವ್ಯಶ್ರೀಯ ಕೂದಲಿನ ಬಳಿ ಹತ್ತಿಪ್ಪತ್ತು ಬಂದವು, ಒಂದು ಸುತ್ತು ಹಾಕಿದವು, ಯಾರೋ ಬೇರೆಯವರು ಎಂದು ಗೊತ್ತಾದ ಹಾಗೆ ಹಿಂದಿರುಗಿದವು. ಉಳಿದವೆಲ್ಲ ಅಮ್ಮನ ಕೂದಲಿನ ಮೇಲೆ. ಇಕ್ಕಳದಿಂದ ಆ ಕೂದಲನ್ನು ತಟ್ಟೆಯ ಇನ್ನೊಂದು ಬದಿಗೆ ಎಳೆದರೆ, ನೀರಿನಲ್ಲಿದ್ದವು ಇಡೀ ಗುಂಪಾಗಿ ಅದರ ಹಿಂದೆ ತಿರುಗಿದವು. ಆಗ ಅವಳಿಗೆ ಭಯವಾಯಿತು. ತಟ್ಟೆಗೆ ಮುಚ್ಚಳ ಹಾಕಿ ಕಾರಿಡಾರಿಗೆ ಬಂದು ನಿಂತುಬಿಟ್ಟಳು.

ಹೊರಗಿನಿಂದ ನೋಡಿ ಇವುಗಳ ಕುಲ ಹೇಳಲಾಗದು. ಎಲ್ಲವೂ ಒಂದು ಗುಂಡು, ಒಂದು ಬಾಲ. ಸೀಳಿ ನೋಡಬೇಕು. ರಾಜಶೇಖರ್ ಇಪ್ಪತ್ತಾರು ವರ್ಷದಿಂದ ಆ ಸೀಳುವ ಕೆಲಸವನ್ನೇ ಮಾಡಿಕೊಂಡು ಬಂದವರು. ಬೀಜಾಣುವನ್ನು ಗಟ್ಟಿ ಅಂಟಿನಲ್ಲಿ ಹುದುಗಿಸಿ, ವಜ್ರದ ಅಲಗಿನಿಂದ ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು ತೆಳ್ಳಗೆ ಹೋಳು ಮಾಡಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಕೊಡುತ್ತಾರೆ. ಬಾಲದ ಬುಡ ಎಲ್ಲಿದೆ, ಅದರ ಮಗ್ಗುಲಿಗೆ ಮಲಗಿದ ಗಿಡ್ಡ ಕಡ್ಡಿ ಯಾವ ಕಡೆಗೆ ವಾಲಿದೆ, ಎಣ್ಣೆಹನಿಯ ಮೇಲೆ ಜೇನುಹಲ್ಲೆಯಂಥ ಜಾಲರಿ ಎಷ್ಟು ಹರಡಿದೆ, ಇವೇ ಕುಲದ ಗುರುತುಗಳು. ಮನುಷ್ಯರು ಬೇಕಾದರೆ ಮುಖ ನೋಡಿ ಮೋಸಹೋಗಲಿ, ಈ ಒಳಗಿನ ಅಚ್ಚು ಮೋಸ ಮಾಡುವುದಿಲ್ಲ.

ಪರದೆಯ ಮೇಲೆ ಚಿತ್ರ ಮೂಡಿದಾಗ ರಾಜಶೇಖರ್ ಕನ್ನಡಕ ತೆಗೆದು ಒರೆಸಿಕೊಂಡರು. ಜಾಲರಿ ಯಾವಾಗಲೂ ಎಣ್ಣೆಹನಿಯ ಒಂದು ಮಗ್ಗುಲಿಗೆ ಟೊಪ್ಪಿಯ ಹಾಗೆ ಕೂತಿರುತ್ತದೆ. ಇಲ್ಲಿ ಅದು ಇಡೀ ಹನಿಯನ್ನು ಸುತ್ತಿಕೊಂಡು, ಎಲ್ಲೂ ಸಂದಿಲ್ಲದೆ ಮುಚ್ಚಿಕೊಂಡಿತ್ತು. ಅರವತ್ತು ಹೋಳು ನೋಡಿದರು. ಅರವತ್ತರಲ್ಲೂ ಹಾಗೆಯೇ.

"ಇಂಥದ್ದು ನಾನು ನೋಡಿಲ್ಲ ಕಣಮ್ಮ. ಯಾರೂ ನೋಡಿದ ಹಾಗೆ ಕಾಣೆ," ಎಂದರು. "ಹೊಸ ಕುಲ. ನಿನ್ನ ಅದೃಷ್ಟ ಖುಲಾಯಿಸಿತು ಬಿಡು. ಎಲ್ಲಿಯದು ಮಣ್ಣು?"

"ಅದನ್ನೇ ಹುಡುಕಬೇಕು ಸರ್."

ಖುಷಿಯಾಗಬೇಕಿತ್ತು. ಆಗಲಿಲ್ಲ. ಆದರೆ ದಾರಿಯೊಂದು ತೆರೆದಿತ್ತು: ಇಷ್ಟು ಬೇರೆಯಾದ ಅಚ್ಚು ಗುಡ್ಡದಲ್ಲಿ ಯಾವ ಜಾಗದ ಮಣ್ಣಿನಲ್ಲಿ ಸಿಗುತ್ತದೋ, ಅಪ್ಪನ ಟವೆಲ್ಲಿಗೆ ಮೆತ್ತಿದ್ದು ಅಲ್ಲಿಯ ಮಣ್ಣೇ. ಅಮ್ಮನ ಹುಚ್ಚುಪ್ರಶ್ನೆಗೆ ಉತ್ತರ ಸಿಗುವ ಹಾಗಿತ್ತು.

ಯುಗಾದಿಗೆ ಹದಿನಾರು ದಿನವಿದ್ದಾಗ ಊರಿಗೆ ಬಂದಳು. ಜವರಯ್ಯನಿಗೆ ಎಪ್ಪತ್ತು ದಾಟಿತ್ತು. ಎಸ್ಟೇಟಿನ ಕೂಲಿಲೈನಿನ ಮನೆಯಿಂದ ಅವನನ್ನು ಎಬ್ಬಿಸಿಕೊಂಡು ಕೂಸಿನಗುಡ್ಡ ಹತ್ತಿದಳು. ಹೂಮಳೆ ಬಿದ್ದು ಸುತ್ತಲ ತೋಟಗಳೆಲ್ಲ ಕಾಫಿ ಹೂವಿನಲ್ಲಿ ಬೆಳ್ಳಗೆ ಘಮಗುಡುತ್ತಿದ್ದವು. ಗುಡ್ಡಕ್ಕೆ ಕಾಲಿಟ್ಟ ಮೇಲೆ ಘಮವೂ ಇಲ್ಲ, ಒಂದು ಜೇನುಹುಳದ ಸದ್ದೂ ಇಲ್ಲ. ರೋಡಿಗೆ ಗುರುತು ಮಾಡಿದ ಕೆಂಪು ಗೂಟಗಳು ಮಾತ್ರ ಸಾಲಾಗಿ ನಿಂತಿದ್ದವು. ಕಾಲಿಟ್ಟ ಕಡೆಯೆಲ್ಲ ನೆಲ ಮೆತ್ತಗೆ ಒಂದಿಷ್ಟು ಕುಸಿಯುತ್ತಿತ್ತು. ಅದರಡಿಯಲ್ಲಿ ಏನಿದೆ ಎಂದು ನೆನೆದು ಅವಳು ತುದಿಗಾಲಲ್ಲೇ ನಡೆದಳು.

"ಎಲ್ಲಿ ಜವರಜ್ಜ?"

"ಇಲ್ಲೇ ಕಣಮ್ಮಣ್ಣಿ, ಈ ಬಂಡೆ ಮಗ್ಗುಲು."

ಮಣ್ಣು ತೆಗೆದುಕೊಂಡಳು. ಹತ್ತು ಹೆಜ್ಜೆ ಹೋದ ಮೇಲೆ, "ಅಲ್ಲ ಅಲ್ಲ, ಆ ನೇರಳೆಮರದ ಬುಡ," ಎಂದ. ಅಲ್ಲಿಯೂ ತೆಗೆದುಕೊಂಡಳು. ಆಮೇಲೆ ಝರಿಯ ಮೇಲುಗಡೆ ಎಂದ. ಮುದುಕನ ಮೇಲೆ ಅವಳಿಗೆ ರೇಗಿಹೋಯಿತು. "ಏನಜ್ಜ, ಒಂದು ಕೂಸನ್ನ ಎಷ್ಟು ಕಡೆ ಹೂತ್ರಿ?" ಎಂದುಬಿಟ್ಟಳು. ಅವನು ತಲೆಗೆ ಕಟ್ಟಿದ ಟವೆಲ್ಲನ್ನು ಬಿಚ್ಚಿ, ಮತ್ತೆ ಕಟ್ಟಿ, ಬೇರೆ ಕಡೆ ನೋಡಿದ. ಕೊನೆಗೆ ಅವಳೇ ಗುಡ್ಡವನ್ನು ಚೌಕ ಚೌಕ ಮಾಡಿ, ಪ್ರತಿ ಜಾಗಕ್ಕೂ ಹೊಸ ಚಮಚ, ಹೊಸ ಕವರು ಬಳಸಿ ಇಪ್ಪತ್ತೆಂಟು ಕಡೆಯ ಮಣ್ಣು ತುಂಬಿಕೊಂಡಳು.

ರಾಜಶೇಖರ್ ಒಂದು ಮಾತು ಹೇಳಿ ಕಳಿಸಿದ್ದರು. ಏನೂ ಸಿಗಬಾರದ ಕಡೆಯದೊಂದು ಮಣ್ಣೂ ಜೊತೆಗಿರಬೇಕು. ಅದರಲ್ಲಿ ಏನೂ ಬರದಿದ್ದರೆ ಮಾತ್ರ ಬೇರೆಯದರಲ್ಲಿ ಬಂದದ್ದಕ್ಕೆ ಬೆಲೆ. ಬಸ್ಸಿನ ಹೊತ್ತಾದಾಗ ಅವಳಿಗೆ ಅದು ನೆನಪಾಯಿತು. ಮನೆಯ ಮಗ್ಗುಲಿಗೇ ಬಗ್ಗಿ, ಬಚ್ಚಲ ನೀರು ಹರಿದು ಇಂಗುವ ಕಡೆ ಒಂದು ಚಮಚ ತೋಡಿ ಇಪ್ಪತ್ತೊಂಬತ್ತನೇ ಕವರಿಗೆ ಹಾಕಿಕೊಂಡಳು. ಸೋಪು, ಸೀಗೆಕಾಯಿ ಕುಡಿದ ಮಣ್ಣಿನಲ್ಲಿ ಗುಡ್ಡದ್ದು ಯಾವುದು ಬದುಕೀತು ಎಂಬ ಧೈರ್ಯ.

ಆಮೇಲಿನ ದಿನಗಳಲ್ಲಿ ಭದ್ರಮ್ಮ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಫೋನು ಮಾಡಿದಳು. "ಊಟ ಆಯ್ತಾ" ಎಂದು ಶುರುಮಾಡುವಳು. ಮಣ್ಣಿನ ಮಾತೆತ್ತುತ್ತಿರಲಿಲ್ಲ. "ಇಲ್ಲ ಕಣಮ್ಮ, ಇನ್ನೂ ಸಿಕ್ಕಿಲ್ಲ" ಎಂದು ಮಗಳೇ ಹೇಳಬೇಕು. ಪ್ರತಿ ತಟ್ಟೆಗೂ ಹಳೆಯ ಎರೆಗಳ ಜೊತೆ ಅಮ್ಮನ ಕೂದಲನ್ನೂ ಹಾಕಿದ್ದಳು. ಗುಡ್ಡದ ಮಣ್ಣಿನಲ್ಲೇನೋ ಜೀವಕ್ಕೆ ಕೊರತೆಯಿರಲಿಲ್ಲ. ಹಾವಿನ ಪೊರೆಗೆ ಬಂದವು, ಪರಾಗಕ್ಕೆ ಬಂದವು, ಸಲೂನಿನ ಕೂದಲಿಗೂ ಬಂದವು. ಒಂದೊಂದನ್ನೂ ರಾಜಶೇಖರ್ ಸೀಳಿದರು. ಎಲ್ಲವೂ ಪುಸ್ತಕದಲ್ಲಿರುವ, ಗೊತ್ತಿರುವ ಕುಲಗಳು. ಜಾಲರಿ ಮುಚ್ಚಿಕೊಂಡದ್ದು ಇಪ್ಪತ್ತೆಂಟರಲ್ಲಿ ಒಂದೂ ಇಲ್ಲ. ನವ್ಯಶ್ರೀಗೆ ಅಳು ಬಂತು. ಯುಗಾದಿ ಕಳೆದಿತ್ತು, ಜೆಸಿಬಿ ಬರುವುದಕ್ಕೆ ಮೂರು ದಿನವಿತ್ತು.

"ಇನ್ನೊಂದಿದೆಯಲ್ಲ, ಬಾ," ಎಂದು ಒಳಗಿನಿಂದ ರಾಜಶೇಖರ್ ಕರೆದರು. ಅವರ ದನಿ ಸರಿಯಿರಲಿಲ್ಲ. ಪರದೆಯ ಮೇಲೆ ಒಂದು ಎಣ್ಣೆಹನಿ. ಅದನ್ನು ಸುತ್ತಲೂ ತಬ್ಬಿಕೊಂಡ ಜಾಲರಿ, ಎಲ್ಲೂ ಸಂದಿಲ್ಲ. ಪಕ್ಕದಲ್ಲಿ ಭರಣಿಯ ಮಣ್ಣಿನ ಚಿತ್ರವನ್ನಿಟ್ಟಿದ್ದರು. ಎರಡಕ್ಕೂ ಒಂದು ಗೆರೆ ವ್ಯತ್ಯಾಸವಿರಲಿಲ್ಲ. "ಇಪ್ಪತ್ತೊಂಬತ್ತನೇ ಕವರು ಎಲ್ಲಿಂದ ತಂದೆಯಮ್ಮ?"

ಅವಳು ಇಪ್ಪತ್ತೊಂಬತ್ತನೇ ತಟ್ಟೆಯನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದಳು. ಅಮ್ಮನ ಕೂದಲು ಅಂಚಿಗೆ ಅಂಟಿಕೊಂಡಿತ್ತು. ಈ ಸಲ ಮಣಿಗಳು ಎಷ್ಟು ದಟ್ಟವಾಗಿದ್ದವೆಂದರೆ ಬರಿಗಣ್ಣಿಗೇ ಕೂದಲು ದಪ್ಪಗೆ, ಬೆಳ್ಳಗೆ ಕಾಣುತ್ತಿತ್ತು.

ಶನಿವಾರ ಮಧ್ಯಾಹ್ನ ಹೆತ್ತೂರಿನ ಬಸ್ಸಿಳಿದು ಮನೆಗೆ ನಡೆಯುವಷ್ಟರಲ್ಲಿ ಅವಳು ತಲೆಯನ್ನು ಒಂದು ಹದಕ್ಕೆ ತಂದುಕೊಂಡಿದ್ದಳು. ವಿವರಣೆ ಇದ್ದೇ ಇತ್ತು, ಬಲು ಸುಲಭದ್ದು. ಮೂವತ್ತು ವರ್ಷದಿಂದ ಅಮ್ಮ ತಲೆ ತೊಳೆದ ನೀರು, ಉದುರಿದ ಕೂದಲು ಎಲ್ಲ ಬಿದ್ದದ್ದು ಅದೇ ಮಣ್ಣಿಗೆ. ಅದನ್ನೇ ತಿಂದು ಬೆಳೆದ ಶಿಲೀಂಧ್ರಕ್ಕೆ ಅದೇ ಕೂದಲು ರುಚಿಸುತ್ತದೆ, ಅಷ್ಟೇ. ಅಮ್ಮನ ಕೈಯ ಧೂಳಿನಿಂದ ಅದು ಭರಣಿಗೂ ಸೇರಿರಬೇಕು. ಭರಣಿಯ ಮಣ್ಣಿನಿಂದ ಏನೂ ತಿಳಿಯಲಿಲ್ಲ, ಅಮ್ಮನಿಗೆ ಆದದ್ದನ್ನು ಆದಹಾಗೆ ಹೇಳಿಬಿಡುವುದು.

ಭದ್ರಮ್ಮ ಅಂಗಳದಲ್ಲಿ ಕೂತು ಸಸಿಯ ಕವರಿಗೆ ಮಣ್ಣು ತುಂಬುತ್ತಿದ್ದಳು. ಕೆಲಸಕ್ಕೆ ಬಂದಿದ್ದ ಜವರಯ್ಯ ಜಗಲಿಯ ತುದಿಗೆ ಕಾಫಿ ಲೋಟ ಹಿಡಿದು ಕೂತಿದ್ದ. ನವ್ಯಶ್ರೀ ಚಪ್ಪಲಿಯನ್ನೂ ಬಿಡದೆ ಎಲ್ಲವನ್ನೂ ಹೇಳಿದಳು. ಗುಡ್ಡದಲ್ಲಿ ಎಲ್ಲೂ ಸಿಗಲಿಲ್ಲ. ಬಚ್ಚಲ ಮಗ್ಗುಲ ಮಣ್ಣಿನಲ್ಲಿ ಸಿಕ್ಕಿತು. ಅದಕ್ಕೆ ಕಾರಣ ನಿನ್ನ ಕೂದಲು.

"ಹಂಗಾರೆ ನನ್ ಕೈ ಧೂಳು," ಎಂದಳು ಭದ್ರಮ್ಮ. ಮುಖ ಇಳಿದುಹೋಗಿತ್ತು. "ಹೋಗ್ಲಿ ಬುಡು. ನೀನೇನ್ಮಾಡ್ತೀಯ."

"ಮಿಷನ್ನು ಸುಳ್ಳು ಹೇಳ್ನಿಲ್ಲ ಕಣವ್ವಾ."

ಇಬ್ಬರೂ ತಿರುಗಿದರು. ಜವರಯ್ಯನ ಲೋಟ ವಾಲಿ ಕಾಫಿ ಪಂಚೆಯ ಮೇಲೆ ಸುರಿಯುತ್ತಿತ್ತು, ಅವನಿಗೆ ಅದರ ಪರಿವೆಯಿರಲಿಲ್ಲ. "ಗೌಡ್ರು ನನ್ ತಲೆ ಮುಟ್ಟಿಸಿ ಆಣೆ ಹಾಕಿಸ್ಕಂಡಿದ್ರು. ಇನ್ ಎಷ್ಟು ದಿನ ಹೊರ್ಲಿ ನಾನು. ಅವತ್ತು ಗುಡ್ಡದಲ್ಲಿ ಗುಂಡಿ ತೆಗ್ದಂಗೂ ಒಳಗಿಂದ ನೀರು ಉಕ್ತಿತ್ತು. ಮೊಗೆದ್ರೂ ಮೊಗೆದ್ರೂ ತುಂಬ್ಕತ್ತಿತ್ತು. ಬ್ಯಾರೆ ಕಡೆ ತೆಗುದ್ವಿ, ಅಲ್ಲೂ ನೀರು. ಗೌಡ್ರು ಕೂಸ್ನ ಎತ್ಕಂಡು ನಿಂತೇ ಇದ್ರು. 'ಇದ್ರೊಳಗೆ ಎಂಗ್ ಮಲಗ್ಸನ ಜವರ, ಸೀತ ಆಗಲ್ವಾ ಮಗೀಗೆ' ಅಂದ್ರು. ಮುಸ್ಸಂಜೆಗೆ ವಾಪಸ್ ತಂದೋ. ನೀವು ಒಳಗೆ ಗ್ಯಾನ ತಪ್ಪಿ ಮಲಗಿದ್ರಿ. ಈ ಮಗ್ಗುಲು ಸೂರಿನ ಕೆಳಗೆ ನೆಲ ಒಣಗಿತ್ತು. ಇಲ್ಲೇ ಮಡಗುದ್ವಿ."

ಭದ್ರಮ್ಮ ಮಣ್ಣಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. "ಮುಂದಿನ ತಿಂಗ್ಳೇ ಬಚ್ಚಲು ಇಲ್ಲಿ ಕಟ್ಟುಸುದ್ರು. ಈ ಮೂಲೆ ಬ್ಯಾಡ ಅಂತ ನಾನು ಎಷ್ಟು ಜಗಳ ಆಡ್ದೆ."

"ನಾನೂ ಅಂದೆ. 'ಅವ್ಳಿಗೆ ಹೇಳಕ್ಕಂತೂ ಆಗಲ್ಲ ಜವರ, ಅವ್ಳು ಮೈ ತೊಳ್ದ ನೀರಾದ್ರೂ ದಿನಾ ಕೂಸಿನ ಮೇಲೆ ಬೀಳ್ಲಿ' ಅಂದ್ರು ಗೌಡ್ರು."

ಅಮ್ಮ ಈಗ ಅಳುತ್ತಾಳೆ ಎಂದುಕೊಂಡು ನವ್ಯಶ್ರೀ ಹತ್ತಿರ ಹೋಗಿ ಭುಜ ಹಿಡಿದಳು. ಭದ್ರಮ್ಮ ಅಳಲಿಲ್ಲ. ಅವಳ ಕಣ್ಣು ಬಚ್ಚಲ ಗೋಡೆಯ ಕಡೆಗೆ ಹೋಗಿ, ಅಲ್ಲೇ ನಿಂತು, ನಿಧಾನಕ್ಕೆ ದೊಡ್ಡದಾಯಿತು.

"ಅಯ್ಯೋ ಶಿವನೇ," ಎಂದಳು. "ಹಂಡೇಲಿ ಮಿಕ್ಕಿದ್ದ ಕುದಿಯೋ ನೀರ್ನೆಲ್ಲ ನಾನು ಅಲ್ಲಿಗೇ ಹುಯ್ತಿದ್ನಲ್ಲೇ. ಇರುವೆ ಸಾಯ್ಲಿ ಅಂತ. ಮೂವತ್ತು ವರ್ಷ ಕಣೇ. ಕೊತಕೊತ ಕುದಿಯೋ ನೀರು."

ಜವರಯ್ಯ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದ.

ಭದ್ರಮ್ಮ ಎದ್ದು ಕೈ ತೊಳೆದುಕೊಂಡಳು. ಬಚ್ಚಲೊಲೆಯ ಹಂಡೆಯಿಂದ ಒಂದು ಬಕೆಟ್ ಬಿಸಿನೀರು ತೋಡಿ ತಂದು, ಬಚ್ಚಲ ನೀರು ಹೊರಬೀಳುವ ಹರಿಗಂಡಿಯ ಹೊರಗೆ ಇಟ್ಟಳು. ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು ಆ ಒದ್ದೆ ನೆಲದ ಮೇಲೆ, ಎಳೆಗೂಸಿಗೆ ನೀರು ಹಾಕುವವರು ಕೂರುವ ಹಾಗೆ, ಎರಡೂ ಕಾಲು ನೀಡಿ ಕೂತಳು. ಮೊಣಕೈ ಅದ್ದಿ ನೋಡಿದಳು. ಒಂದು ಚೆಂಬು ತಣ್ಣೀರು ಬೆರೆಸಿದಳು. ಮತ್ತೆ ಅದ್ದಿ ನೋಡಿ, ಇನ್ನೊಂದು ಚೆಂಬು. ಮತ್ತೊಂದು. ಬಕೆಟ್ಟು ತುಂಬಿ ಅಂಚಿನಿಂದ ಹರಿಯತೊಡಗಿತು, ನೀರು ಸದ್ದಿಲ್ಲದೆ ಅವಳ ಕಾಲ ಕೆಳಗೆ ಇಂಗಿ ಹೋಯಿತು. ಆ ಮಣ್ಣಿನೊಳಗೆ ಈಗ ಏನೇನು ಏಳುತ್ತಿದೆ, ಯಾರ ಕಡೆಗೆ ಈಜುತ್ತಿದೆ ಎಂದು ನವ್ಯಶ್ರೀಗೆ ಗೊತ್ತಿತ್ತು. ಆದರೂ ಅವಳು ಹಿಂದೆ ಸರಿಯಲಿಲ್ಲ, ಅಮ್ಮನ ಮಗ್ಗುಲಿಗೇ ಕೂತಳು.

"ನಂಗೆ ತಿಳೀತಿಲ್ಲ ಕಣೇ," ಎಂದಳು ಭದ್ರಮ್ಮ. ಚೆಂಬನ್ನು ಬಕೆಟ್ಟಿನ ಮೇಲೇ ಹಿಡಿದಿದ್ದಳು. "ಇನ್ನೂ ಬಿಸಿ ಐತೇನೋ. ನೀನೊಂದ್ಸಲ ಮುಟ್ಟಿ ಹೇಳು."

ನವ್ಯಶ್ರೀ ಬಕೆಟ್ಟಿಗೆ ಕೈ ಹಾಕಿದಳು. ನೀರು ಪೂರಾ ತಣ್ಣಗಾಗಿಹೋಗಿತ್ತು.

"ಹದವಾಗೈತೆ ಕಣಮ್ಮ," ಎಂದಳು. "ಹುಯ್ಯಿ."